ಮೈನಸ್ ನೈನ್‌ಗೂ ಜಗ್ಗದವರು

ಹಟ ಹಿಡಿದ ಪ್ರೋಗ್ರಾಮನ್ನು ಮುಗಿಸುವ ವಿಷಯದಲ್ಲಿ ಯುನಿಕ್ಸ್ ಬಲ್ಲವರದು ಒಂದು ಜಂಬ. "ಕಿಲ್ ಮೈನಸ್ ನೈನ್ ಹೊಡೀರಿ ಸಾರ್, ಮುಗೀತು!" ಕಿಲ್ ಕಳಿಸುವ ಸಿಗ್ನಲ್ಲುಗಳಲ್ಲಿ 15ನೆಯದು ಸಂಭಾವಿತ; ದಯವಿಟ್ಟು ಹೊರಡಿ ಅನ್ನುತ್ತೆ, ಪ್ರೋಗ್ರಾಂ ಬೇಕಾದರೆ ಕಿವುಡು ನಟಿಸಬಹುದು. 9ಕ್ಕೆ ಆ ದಾಕ್ಷಿಣ್ಯವಿಲ್ಲ. ಅದನ್ನು ತಡೆಯುವ ಹಕ್ಕು ಯಾವ ಪ್ರೋಗ್ರಾಮಿಗೂ ಇಲ್ಲ. ಪುಸ್ತಕದಲ್ಲಿ ಹಾಗಂತ ಇದೆ. ಆದರೆ ಲಿನಕ್ಸಿನಲ್ಲಿ ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಓಡಿಸಿ ನೋಡಿ: ಹೆಸರಿನ ಮುಂದೆ 'ಡಿ', ಅಂದರೆ ಎಬ್ಬಿಸಲಾಗದ ನಿದ್ದೆಯ ಗುರುತು, ಹಾಕಿಕೊಂಡ ಮಹಾಶಯನೊಬ್ಬ ಒಮ್ಮೊಮ್ಮೆ ಏನು ಹೊಡೆದರೂ ಮಿಸುಕದೆ ಕೂತಿರುತ್ತಾನೆ.

ಒಳಗುಟ್ಟು ಇಷ್ಟೇ. ಕಿಲ್ ಕೊಲ್ಲುವುದಿಲ್ಲ, ಬಾಗಿಲಿಗೆ ನೋಟಿಸು ಅಂಟಿಸಿ ಬರುತ್ತೆ! ಓಎಸ್‌ನ ತಿರುಳಾದ ಕರ್ನಲ್ಲಿನ ಒಳಗಿನ ಕೆಲಸ ಮುಗಿಸಿ ಹೊರಬರುವಾಗ ಪ್ರೋಸೆಸ್ ಅದನ್ನು ಕಂಡು ತಾನೇ ಪ್ರಾಣ ಬಿಡಬೇಕು. ಡಿಸ್ಕಿಗೆ ಏನೋ ಓದಲು ಹೇಳಿ ಒಳಗೇ ಮಲಗಿದವನು ಹೊರಬಂದರೆ ತಾನೆ? ಎಳೆದು ತನ್ನಿ ಅನ್ನಬೇಡಿ. ಅವನ ಕೈಯಲ್ಲಿ ಕರ್ನಲ್ಲಿನ ಲಾಕುಗಳಿರಬಹುದು. ಅವನ ಮೆಮೊರಿಗೆ ಡಿಸ್ಕು ನೇರವಾಗಿ ಬರೆಯುತ್ತಿರಬಹುದು. ಆ ಜಾಗ ಕಿತ್ತು ಇನ್ನೊಬ್ಬನಿಗೆ ಕೊಟ್ಟಿರೋ, ತಡವಾಗಿ ಬಂದ ಡೇಟಾ ಆ ಅಮಾಯಕನ ತಲೆ ಮೇಲೆ ಬೀಳುತ್ತೆ.

ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಫೈಲು ಬಳಸುವ ಎನ್‌ಎಫ್‌ಎಸ್ ಕಥೆಯಂತೂ ಕೇಳಲೇಬೇಡಿ. ಆ ಕಡೆ ಸರ್ವರ್ ಬಿದ್ದರೆ, ಹಾರ್ಡ್ ಮೌಂಟ್ ನಂಬಿದವರೆಲ್ಲ ಅದು ಏಳುವ ತನಕ ಕಾಯುತ್ತಲೇ ಇರುತ್ತಾರೆ. 2008ರ 2.6.25 ಕರ್ನಲ್ ಕೊಂಚ ಕರುಣೆ ತೋರಿತು: ಸಾವಿನ ಕರೆಗೆ ಮಾತ್ರ ಏಳುವಂಥ ಹೊಸ ನಿದ್ದೆ ತಂದು ಎನ್‌ಎಫ್‌ಎಸ್‌ನವರನ್ನು ಉಳಿಸಿತು, ಅಂದರೆ ಕೊಲ್ಲಲು ಬಿಟ್ಟಿತು. ಎಲ್ಲ ಡ್ರೈವರುಗಳೂ ಆ ನಿದ್ದೆ ಕಲಿತಿಲ್ಲ. ಇನ್ನೂ ತಮಾಷೆ ಕೇಳಿ, ಹೀಗೆ ಮಲಗಿದವರನ್ನೂ ಲಿನಕ್ಸ್ ಕೆಲಸದ ಒತ್ತಡ ತೋರಿಸುವ ಲೋಡ್ ಆವರೇಜಿಗೆ ಸೇರಿಸುತ್ತೆ. ಸಿಪಿಯು ನೊಣ ಹೊಡೆಯುತ್ತಿದ್ದರೂ ಲೋಡು 40 ಅನ್ನಬಹುದು!

ಪಿಎಸ್‌ನಲ್ಲಿ ಕಾಣುವ 'ಜೆಡ್' ಗಿರಾಕಿಯದು ಬೇರೆ ಕೇಸು. ಆ ಜಾಂಬಿ ಆಗಲೇ ಸತ್ತಿದೆ. ಅಪ್ಪ ಪ್ರೋಸೆಸ್ ಬಂದು ಲೆಕ್ಕ ಚುಕ್ತಾ ಮಾಡಿಲ್ಲ, ಅಷ್ಟೆ. ಬೈಯುವುದಿದ್ದರೆ ಅಪ್ಪನನ್ನು ಬೈಯಿರಿ.

ವಿಂಡೋಸಿನವರು ನಗಬೇಡಿ. ಡ್ರೈವರೊಂದು ಐ/ಓ ಹಿಡಿದು ಬಿಡದಿದ್ದರೆ ನಿಮ್ಮ 'ಎಂಡ್ ಟಾಸ್ಕ್'ಗೂ ಇದೇ ಗತಿ.

ಆದ್ದರಿಂದ 'ಡಿ' ಕಂಡಾಗ 9 ಹೊಡೆದು ಬೆರಳು ನೋಯಿಸಿಕೊಳ್ಳಬೇಡಿ. ಕೇಬಲ್ ನೋಡಿ, ಡಿಸ್ಕು ಬದುಕಿದೆಯಾ ನೋಡಿ, ಸರ್ವರ್ ಎಬ್ಬಿಸಿ. ಅದಾವುದೂ ಆಗದಿದ್ದರೆ ರೀಬೂಟ್. ಅದೂ ಒಮ್ಮೊಮ್ಮೆ ಇವನಿಗಾಗಿಯೇ ಕಾಯುತ್ತ ನಿಂತುಬಿಡುತ್ತೆ. ಆಗ ಪವರ್ ಬಟನ್ ಒತ್ತಿ ಹಿಡಿಯುವುದೇ ದಾರಿ.