ಫ್ಲಾಸ್ಕ್ ಹೊರುವವರು ಯಾರು?

ನಮ್ಮ ಅಳಿಯಂದಿರು ಎಕ್ಸೆಲ್ ಶೀಟ್ ತೆರೆಯದೆ ಮೊಸರಿಗೆ ಹೆಪ್ಪು ಹಾಕುವವರೂ ಅಲ್ಲ. ಹಾಗಾಗಿ ಮೈಸೂರಿನಿಂದ ಕ್ಯಾಲ್ಗರಿಗೆ ಬಂದಿಳಿದ ಅತ್ತೆ ಮಾವನನ್ನು ಒಂದು ದಿನದ ಚಾರಣಕ್ಕೆ ಕರೆದೊಯ್ಯುವ ಮಾತು ಎದ್ದಾಗ, ಊಟದ ಮೇಜಿಗೆ ಮೊದಲು ಬಂದದ್ದು ಲ್ಯಾಪ್‌ಟಾಪು, ಚಪಾತಿ ಆಮೇಲೆ. ಲೇಕ್ ಲೂಯಿಸ್ ದಡದಿಂದ ಹೊರಡುವುದು, ಮೇಲೆ ಲೇಕ್ ಆಗ್ನೆಸ್ ಎಂಬ ಪುಟ್ಟ ಸರೋವರ ಮುಟ್ಟುವುದು, ಅದನ್ನು ಬಳಸಿಕೊಂಡು ಬಿಗ್ ಬೀಹೈವ್ ಎಂಬ ಗುಡ್ಡದ ನೆತ್ತಿ ಏರುವುದು. ಒಂದು ಕಡೆಗೆ ಸುಮಾರು 5 ಕಿಲೋಮೀಟರು.

“ಅಷ್ಟೇ ತಾನೇ? ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹೊಡೆದ ಹಾಗೆ” ಅಂದೆ.

“ಅದು ಸಮತಟ್ಟು ಅಪ್ಪ. ಇಲ್ಲಿ 500 ಮೀಟರಿಗೂ ಮೇಲೆ ಏರು” ಅಂದಳು ಮಗಳು.

ಎರಡು ಸರೋವರಕ್ಕೂ ಹೆಣ್ಣುಮಕ್ಕಳದೇ ಹೆಸರು. ಲೂಯಿಸ್ ವಿಕ್ಟೋರಿಯಾ ರಾಣಿಯ ಮಗಳು. ಆಗ್ನೆಸ್ ಕೆನಡಾದ ಮೊದಲ ಪ್ರಧಾನಿಯ ಹೆಂಡತಿ. ನಮ್ಮವಳಿಗೆ ಇದು ಹಿಡಿಸಿತು, ಅಲ್ಲಿಂದಲೇ ಅವಳು ಹೊರಡಲು ತಯಾರು. ಆದರೆ ಮೇ ತಿಂಗಳಲ್ಲೇ ಹೋಗಿಬಿಡೋಣ ಎಂಬ ಅವಳ ಅವಸರಕ್ಕೆ ಅಳಿಯಂದಿರು ಒಪ್ಪಲಿಲ್ಲ. ಜೂನ್ ಮೊದಲ ವಾರದವರೆಗೂ ಲೇಕ್ ಲೂಯಿಸ್ ಮೇಲೆ ಮಂಜುಗಡ್ಡೆ ಇರುವುದುಂಟಂತೆ. ಫೋಟೋಗಳಲ್ಲಿ ಕಾಣುವ ಆ ನವಿಲುಬಣ್ಣ ಬರುವುದು ಆಮೇಲೆ. ಹಿಮನದಿ ಜರುಗುವಾಗ ಬಂಡೆಯನ್ನು ಉಜ್ಜಿ ಉಜ್ಜಿ ನಯವಾದ ಹಿಟ್ಟು ಮಾಡುತ್ತದೆ. ಕರಗಿದ ನೀರಿನ ಜೊತೆ ಬಂದ ಆ ಹಿಟ್ಟು ತಳಕ್ಕಿಳಿಯದೆ ತೇಲುತ್ತಾ ಬಿಸಿಲನ್ನು ಚದುರಿಸಿ ನೀಲಿ-ಹಸಿರು ತೋರಿಸುತ್ತದೆ. “ಬೀಸೋ ಕೆಲಸ ಇನ್ನೂ ಮುಗಿದಿಲ್ಲ ಅನ್ನಿ, ಕಾಯೋಣ ಬಿಡಿ” ಅಂದಳು. ಜುಲೈ ಎಂದು ತೀರ್ಮಾನವಾಯಿತು.

ನನ್ನ ಆಸಕ್ತಿ ಬೇರೆಯೇ ಇತ್ತು. ಲೇಕ್ ಆಗ್ನೆಸ್ ದಂಡೆಯಲ್ಲಿ ಒಂದು ಟೀ ಮನೆ ಇದೆ. 1901ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆಯವರು ಚಾರಣಿಗರ ತಂಗುದಾಣವಾಗಿ ಕಟ್ಟಿದರು. 1905ರಿಂದ ಅಲ್ಲಿ ಟೀ ಸಿಗುತ್ತದೆ. ಕರೆಂಟಿಲ್ಲ, ನಲ್ಲಿಯಿಲ್ಲ. ಭಾರದ ಸಾಮಾನು ಸೀಸನ್ ಶುರುವಿನಲ್ಲಿ ಹೆಲಿಕಾಪ್ಟರಿನಲ್ಲಿ ಬರುತ್ತದೆ. ಆಮೇಲೆ ಬೇಕಾದ ತಾಜಾ ಪದಾರ್ಥವನ್ನೆಲ್ಲ ಕೆಲಸದ ಹುಡುಗ ಹುಡುಗಿಯರು ಬೆನ್ನ ಮೇಲೆ ಹೊತ್ತು ತರುತ್ತಾರೆ. ಇರುವ ಎತ್ತರ 2,135 ಮೀಟರು. ಕರ್ನಾಟಕಕ್ಕೆಲ್ಲ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930. ಅಂದರೆ ನಮ್ಮ ರಾಜ್ಯದ ನೆತ್ತಿಗಿಂತ ಮೇಲೆ ಕೂತು ಟೀ ಹೀರಬಹುದು. ಅದಕ್ಕೂ ಮೇಲೆ ಹತ್ತುವ ಉಮೇದು ನನಗಿರಲಿಲ್ಲ. ಮನಸ್ಸಿನಲ್ಲೇ ಪ್ರವಾಸವನ್ನು ಆ ಟೀ ಮನೆಯ ಬೆಂಚಿನ ಮೇಲೆ ಮುಗಿಸಿಬಿಟ್ಟಿದ್ದೆ. ಅಳಿಯಂದಿರು ಟೀಗೆ ಕೊಟ್ಟಿದ್ದು 20 ನಿಮಿಷ. ಅಷ್ಟರಲ್ಲಿ ನಾನು ಪೇಪರಿನ ಮಡಿಕೆಯನ್ನೂ ಬಿಚ್ಚಿರುವುದಿಲ್ಲ.

ಮುಂದಿನದು ಕರಡಿ ಅಧ್ಯಾಯ. ಅಲ್ಲಿ ಗ್ರಿಜ್ಲಿಗಳಿವೆ. ಕರಡಿಗೆ ಎರಚುವ ಸ್ಪ್ರೇ ಡಬ್ಬಿಯನ್ನು ಬ್ಯಾಗಿನ ತಳದಲ್ಲಲ್ಲ, ಕೈಗೆಟುಕುವ ಹಾಗೆ ಇಟ್ಟುಕೊಳ್ಳಬೇಕು. ಅದರ ಸತ್ವವೆಲ್ಲ ಮೆಣಸಿನಕಾಯಿಯ ಖಾರವೇ ಎಂದು ತಿಳಿದು ನಮ್ಮವಳು ಬೆಲೆ ಕೇಳಿ ಹೌಹಾರಿದಳು.

“ಊರಿಂದ ಅರ್ಧ ಕೆಜಿ ಬ್ಯಾಡಗಿ ಪುಡಿ ತಂದಿದೀನಲ್ಲ!”

“ಅತ್ತೆ, ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ. ಕರಡಿ ಕೆಂಪಗಾಗುತ್ತೆ ಅಷ್ಟೇ” ಅಂದರು ಅಳಿಯಂದಿರು. ಮನುಷ್ಯನಿಗೆ ಹಾಸ್ಯಪ್ರಜ್ಞೆ ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡುತ್ತಾ ನಡೆದರೆ ಕರಡಿ ತಾನೇ ದೂರ ಸರಿಯುತ್ತದೆ ಎಂದೂ ಓದಿ ಹೇಳಿದರು. ಎಲ್ಲರೂ ನಮ್ಮವಳ ಕಡೆ ತಿರುಗಿ ನೋಡಿದೆವು.

ಇನ್ನು ನನ್ನ ತಾಲೀಮು. ಬ್ಯಾಗಿನಲ್ಲಿ ಭಾರ ತುಂಬಿಕೊಂಡು ಮೆಟ್ಟಿಲು ಹತ್ತಿ ಇಳಿಯಬೇಕೆಂದು ಮಗಳ ಅಪ್ಪಣೆ. ಸೋನಾ ಮಸೂರಿ ಅಕ್ಕಿಯ ಚೀಲವನ್ನೇ ತುಂಬಿ, ಹೊಸ ಬೂಟು ಬಿಗಿದು, ಗಂಭೀರವಾಗಿ ಆರೋಹಣ ಶುರುಮಾಡಿದೆ. ಚೀಲದ ಹೊಲಿಗೆ ಯಾವಾಗ ಬಿಚ್ಚಿತೋ ತಿಳಿಯಲಿಲ್ಲ. ಬ್ಯಾಗಿನ ಜಿಪ್ಪನ್ನು ನಾನು ಪೂರ್ತಿ ಎಳೆದಿರಲೂ ಇಲ್ಲ. ಬೆನ್ನ ಹಿಂದೆ ಸರಸರ ಸದ್ದು ಕೇಳಿ ತಿರುಗಿದರೆ ಒಂದೊಂದು ಮೆಟ್ಟಿಲಿಗೂ ಅಕ್ಷತೆ ಬಿದ್ದಿದೆ. ಕಾರ್ಪೆಟ್ಟಿನ ಎಳೆಗಳ ಒಳಗೆ ಅಕ್ಕಿ ಸಿಕ್ಕಿಕೊಂಡರೆ ವ್ಯಾಕ್ಯೂಮಿಗೂ ಬಗ್ಗುವುದಿಲ್ಲ. ಬೆರಳಿನಿಂದಲೇ ಆಯಬೇಕು. ಆಯುತ್ತಾ ಆಯುತ್ತಾ ಮೆಟ್ಟಿಲ ಮೇಲೆ ಬಗ್ಗಿ ಎದ್ದ ವ್ಯಾಯಾಮವಿದೆಯಲ್ಲ, ಮಂಡಿಗೆ ನಿಜವಾಗಿ ಹಿತವಾದದ್ದು ಅದೇ.

ಬಸ್ಸಿನ ವಿಷಯ ಹೇಳುವುದನ್ನೇ ಮರೆತೆ. ಸರೋವರದ ಬಳಿ ಕಾರಿಗೆ ಜಾಗ ಸಿಗುವುದು ಕಷ್ಟ. ಪಾರ್ಕ್ಸ್ ಕೆನಡಾದ ಶಟಲ್ ಬಸ್ಸೇ ಗತಿ. ಹೆಚ್ಚಿನ ಸೀಟುಗಳನ್ನು ಎರಡು ದಿನ ಮುಂಚೆ ಬೆಳಿಗ್ಗೆ 8ಕ್ಕೆ ಬಿಡುತ್ತಾರೆ. ತತ್ಕಾಲ್ ಟಿಕೆಟಿನಲ್ಲಿ ಪಳಗಿದ ಕೈ ನನ್ನದು ಎಂದು ಮುಂದೆ ಕೂತೆ. ಸೀಟು ಸಿಕ್ಕಿದ್ದು ಮಗಳ ಫೋನಿನಲ್ಲಿ.

ಹೊರಡುವ ಹಿಂದಿನ ರಾತ್ರಿ ಪುಳಿಯೋಗರೆ ಕಲಸಿಯಾಯಿತು, ಮಳೆಯಂಗಿ ಮಡಿಚಿಯಾಯಿತು. ಆಗ ಅಳಿಯಂದಿರು, ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಟೀ ಅಷ್ಟು ಸ್ಟ್ರಾಂಗಾಗಿ ಇಳಿಯಲಿಕ್ಕಿಲ್ಲ ಅಂದರು. ನಮ್ಮವಳು ತಕ್ಷಣ ಡಿಕಾಕ್ಷನ್ ಹಾಕಲು ಎದ್ದಳು. ಕಾಫಿ ಫ್ಲಾಸ್ಕ್ ಹೊರಲು ನಾನೇ ಮುಂದೆ ಬಂದೆ, ಒಂದು ಷರತ್ತಿನ ಮೇಲೆ: ಟೀ ಮನೆಯಿಂದ ಮುಂದಕ್ಕೆ ನನಗೆ ವಿನಾಯಿತಿ.

“ಅಪ್ಪ, ಲೇಕ್ ಲೂಯಿಸ್ ಪೂರ್ತಿ ಕಾಣೋದೇ ಬೀಹೈವ್ ಮೇಲಿಂದ!”

“ಹಾಗಾದ್ರೆ ಕಾಫಿ ಅಲ್ಲೇ ಕುಡಿಯೋಣ” ಎಂದು ಅಡುಗೆಮನೆಯಿಂದ ತೀರ್ಪು ಬಂತು. ಅಂದರೆ ಫ್ಲಾಸ್ಕೂ ಮೇಲಕ್ಕೆ, ನಾನೂ ಮೇಲಕ್ಕೆ.