ಡಿಸ್ಕ್‌ಬೂಟ್ ಮೀಮಾಂಸೆ (ಪೂರ್ವಪಕ್ಷ ಸಹಿತ)

ಡ್ರೈವಿಗೆ ಡಿಸ್ಕ್ ಹಾಕಿದ್ದಾಗಿದೆ, ಅದು ಗರಗರ ತಿರುಗಿದ್ದೂ ಆಗಿದೆ. ಆದರೂ ಲ್ಯಾಪ್‌ಟಾಪು ಹಾರ್ಡ್‌ಡಿಸ್ಕಿನ ಹಳೇ ವಿಂಡೋಸಿಗೇ ಹೋಗಿ ಸೇರುತ್ತದೆ. ಇಲ್ಲವೇ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೀಟನ್ನು ಮಿನುಗಿಸುತ್ತ ಮೌನ ತಾಳುತ್ತದೆ. ಈ ಅವಸ್ಥೆಗೆ ಪ್ರಸ್ತುತ ಪ್ರಬಂಧದಲ್ಲಿ ‘ಅಬೂಟತ್ವ’ ಎಂದು ನಾಮಕರಣ ಮಾಡಲಾಗಿದೆ. ಇದರ ಕಾರಣದ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ.

ಮೊದಲನೆಯವರು ಮಾರ್ಜನವಾದಿಗಳು. ಡಿಸ್ಕನ್ನು ಹೊರತೆಗೆದು, ‘ಹಾ’ ಎಂದು ಉಸಿರು ಬಿಟ್ಟು, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿದರೆ ಮುಕ್ತಿ ಎಂಬುದು ಇವರ ಮತ. ಇವರಲ್ಲೂ ಒಳಪಂಗಡಗಳುಂಟು: ಸುತ್ತುಸುತ್ತಾಗಿ ಒರೆಸುವವರು, ನಡುವಿನ ತೂತಿನಿಂದ ಅಂಚಿಗೆ ನೇರ ಒರೆಸುವವರು. ಎರಡನೆಯವರದೇ ಸರಿ. ಡಿಸ್ಕಿನ ಬರಹ ಸುರುಳಿಯಾಗಿ ಹೋಗುತ್ತದಾದ್ದರಿಂದ ಅದರ ಗುಂಟ ಬಿದ್ದ ಗೀರು ಅಡ್ಡಗೀರಿಗಿಂತ ಹೆಚ್ಚು ಕೆಡುಕು. ವಾದದಲ್ಲಿ ಗೆದ್ದ ಮೇಲೂ ಲ್ಯಾಪ್‌ಟಾಪು ಬೂಟಾಗಿಲ್ಲವೆಂಬುದು ಬೇರೆ ಮಾತು.

ಇನ್ನೊಂದು ಪಕ್ಷ ಕ್ರಮವಾದಿಗಳದು. ಬಯೋಸಿನ ಬೂಟ್ ಪಟ್ಟಿಯಲ್ಲಿ ಅಗ್ರಪೂಜೆ ಹಾರ್ಡ್‌ಡಿಸ್ಕಿಗೆ ಸಲ್ಲುತ್ತಿರುವಾಗ ಸಿಡಿಯನ್ನು ಕೇಳುವವರಾರು ಎಂಬ ಇವರ ತರ್ಕ ನಿರ್ದುಷ್ಟ. ಆದರೆ ಆ ಪಟ್ಟಿಯೊಳಗೆ ಹೋಗುವ ಕೀ ಒಂದು ಕಂಪನಿಯದರಲ್ಲಿ ಎಫ್2, ಇನ್ನೊಂದರದರಲ್ಲಿ ಎಫ್10, ಮತ್ತೊಂದರದರಲ್ಲಿ ಎಸ್ಕೇಪ್. ಒತ್ತಲು ಸಿಗುವುದೋ ಲೋಗೋ ಕಂಡು ಮಾಯವಾಗುವಷ್ಟು ಹೊತ್ತು. ಆದಕಾರಣ ಸಾಧಕರು ಪವರ್ ಕೊಟ್ಟೊಡನೆ ಮೇಲಿನ ಸಾಲನ್ನೆಲ್ಲ ಹಾರ್ಮೋನಿಯಂ ಮೇಲೆ ಬೆರಳೋಡಿಸಿದಂತೆ ಬಾರಿಸುವುದು ರೂಢಿಯಲ್ಲಿದೆ. ಒಳಹೊಕ್ಕವರಲ್ಲೂ ಕೆಲವರು ಸೇವ್ ಮಾಡದೆ ಹೊರಬಂದು ಗಳಿಸಿದ ಪುಣ್ಯವನ್ನು ಕಳೆದುಕೊಳ್ಳುತ್ತಾರೆ. ಹೊಸ ಯಂತ್ರಗಳ ಬಾಗಿಲಲ್ಲಿ ಸೆಕ್ಯೂರ್ ಬೂಟ್ ಎಂಬ ದ್ವಾರಪಾಲಕನೂ ಇದ್ದಾನೆ. ಮಾನ್ಯ ಸಹಿಯಿಲ್ಲದ್ದನ್ನು ಅವನು ಬಿಡುವುದಿಲ್ಲ.

ಇನ್ನು ಸಿದ್ಧಾಂತ. ಸಿಡಿಯಿಂದ ಬೂಟಾಗುವ ವಿಧಿಯನ್ನು 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಕಂಪನಿಗಳು ಬರೆದವು. ಅದಕ್ಕಿಟ್ಟ ಹೆಸರು ‘ಎಲ್ ಟೊರಿಟೊ’. ಕ್ಯಾಲಿಫೋರ್ನಿಯಾದ ಒಂದು ಮೆಕ್ಸಿಕನ್ ಹೋಟೆಲಿನ ಹೆಸರದು. ಬಿಲ್ಲು ಯಾರು ಕೊಟ್ಟರೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ. ಈ ವಿಧಿಯಂತೆ, 2048 ಬೈಟಿನ ಸೆಕ್ಟರುಗಳನ್ನು ಸೊನ್ನೆಯಿಂದ ಎಣಿಸುತ್ತ ಹೋದರೆ 17ರಲ್ಲಿ ಬೂಟ್ ದಾಖಲೆ ಇರತಕ್ಕದ್ದು. ಅಲ್ಲಿ ಅದಿಲ್ಲವಾದರೆ ಡಿಸ್ಕ್ ಎಷ್ಟೇ ಹೊಳೆಯಲಿ, ಬಯೋಸ್ ಅದನ್ನು ದಾಟಿ ಪಟ್ಟಿಯ ಮುಂದಿನ ಮನೆಗೆ ನಡೆಯುತ್ತದೆ.

ಅದು ಏಕಿಲ್ಲ? ಡಿಸ್ಕ್ ಬರೆದ ಪುಣ್ಯಾತ್ಮರು ಐಎಸ್‌ಓ ಫೈಲನ್ನು ಸಿನಿಮಾ ಹಾಡುಗಳ ಜತೆ ಎಳೆದು ಹಾಕಿದ್ದಾರೆ. ‘ಬರ್ನ್ ಇಮೇಜ್’ ಒತ್ತಿಲ್ಲ. ಪ್ರತ್ಯಕ್ಷ ಪ್ರಮಾಣ ಬೇಕೆಂದರೆ ಓಡುತ್ತಿರುವ ಬೇರೆ ಕಂಪ್ಯೂಟರಿನಲ್ಲಿ ಡಿಸ್ಕನ್ನು ತೆರೆದು ನೋಡಿ. ಫೋಲ್ಡರುಗಳು ಸಾಲಾಗಿ ಕಂಡರೆ ಬಹುಮಟ್ಟಿಗೆ ಬರವಣಿಗೆ ಸರಿ. ಐಎಸ್‌ಓ ಫೈಲು ಇಡಿಯಾಗಿ ಹಾಗೇ ಕೂತಿದ್ದರೆ ತಪ್ಪನ್ನು ಲ್ಯಾಪ್‌ಟಾಪಿನ ತಲೆಗೆ ಕಟ್ಟುವಂತಿಲ್ಲ.

ಸಿಡಿ ಮಾತ್ರ ಓದಬಲ್ಲ ಡ್ರೈವಿಗೆ ಡಿವಿಡಿ ತುರುಕಿದವರೂ, ‘ಯಾವುದಾದರೂ ಕೀ ಒತ್ತಿ’ ಎಂದು ಯಂತ್ರ ಕೇಳುವಾಗ ಕಾಫಿಗೆ ಎದ್ದುಹೋದವರೂ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಡ್ರೈವೇ ಇಲ್ಲದ ಹೊಸ ಲ್ಯಾಪ್‌ಟಾಪು ಕೊಂಡವರು ಡಿಸ್ಕ್ ಎಂದಿರುವಲ್ಲೆಲ್ಲ ಪೆನ್‌ಡ್ರೈವ್ ಎಂದು ತಿದ್ದಿಕೊಂಡು ಓದತಕ್ಕದ್ದು, ಒರೆಸುವ ಪ್ರಕರಣವೊಂದನ್ನು ಬಿಟ್ಟು.