ಆರು ಮೀಟರ್ ಮೀಮಾಂಸೆ: ಮೂರನೆಯ ತಲೆಮಾರಿನ ಆಂಡ್ರೆಟ್ಟಿಯನ್ನು ಕುರಿತ ಒಂದು ಶಾಸ್ತ್ರೀಯ ವಿವೇಚನೆ

ಪ್ರಸ್ತಾವನೆ

ಮೊಮ್ಮಗನಾದವನು ಅಜ್ಜನಿಗಿಂತ ಎಷ್ಟು ಹಿಂದೆ ಉಳಿಯಬಹುದು ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಾಗಲಿ ಅಲಂಕಾರಶಾಸ್ತ್ರದಲ್ಲಾಗಲಿ ಖಚಿತವಾದ ಉತ್ತರ ಸಿಗುವುದಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಮಾತ್ರ ಸಿಗುತ್ತದೆ: ಸುಮಾರು ಆರು ಮೀಟರ್. ಗಡಿಯಾರದ ಲೆಕ್ಕದಲ್ಲಿ 0.0635 ಸೆಕೆಂಡು. ಈ ಅಂತರದ ಪೂರ್ವಾಪರಗಳನ್ನು ಶೋಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ವಿಷಯ ಗಹನವಾದದ್ದು, ಸಹೃದಯರು ಸೀಟ್ ಬೆಲ್ಟ್ ಬಿಗಿದುಕೊಳ್ಳಬೇಕಾಗಿ ವಿನಂತಿ.

ಮೊದಲು ಲಕ್ಷಣ ನಿರೂಪಣೆ. ತೆರೆದ ಗಾಲಿಯ ರೇಸ್ ಕಾರು ಎಂದರೆ ನಾಲ್ಕೂ ಗಾಲಿಗಳು ಮೈಯಿಂದ ಹೊರಗೆ ಬಯಲಿಗೆ ಬಿದ್ದಿರುವ, ಒಬ್ಬನೇ ಕೂರಬಲ್ಲ ವಾಹನ. ಮಡ್‌ಗಾರ್ಡ್ ಇಲ್ಲ, ಬಾಗಿಲಿಲ್ಲ, ಹಿಂದಿನ ಸೀಟಂತೂ ಇಲ್ಲವೇ ಇಲ್ಲ. ಹೀಗಾಗಿ ತಂದೆಯು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿದ್ಯೆ ಹೇಳಿಕೊಡುವುದು ಅಸಾಧ್ಯ. ಜೊತೆಗಿರಲೇಬೇಕೆಂದರೆ ಇನ್ನೊಂದು ಕಾರು ಹತ್ತಿ ಎದುರಾಳಿಯಾಗಿ ಬರಬೇಕು. ನಾವು ಪರಿಶೀಲಿಸಲಿರುವ ಮನೆತನದ ಸಕಲ ಸಂಕಟಗಳ ಬೀಜ ಈ ಒಂಟಿ ಸೀಟಿನಲ್ಲಿದೆ ಎಂಬುದು ಸಂಶೋಧಕನ ವಿನಮ್ರ ಅಭಿಪ್ರಾಯ. (ಇಬ್ಬರು ಕೂರುವ ಇಂಥ ಕಾರೂ ಒಂದುಂಟು. ಅದರಲ್ಲಿ ಅಭಿಮಾನಿಗಳನ್ನು ಹಿಂದೆ ಕೂರಿಸಿಕೊಂಡು ಈ ಮನೆತನದ ಅಜ್ಜ ಎಂಬತ್ತರ ಆಸುಪಾಸಿನಲ್ಲೂ ಟ್ರ್ಯಾಕ್ ಸುತ್ತುತ್ತಿದ್ದ. ಅದು ವಿನೋದಕ್ಕೆ, ಶಾಸ್ತ್ರಕ್ಕಲ್ಲ.)

ವಂಶಪ್ರಕರಣ

ಮೂಲಪುರುಷ ಮಾರಿಯೊ ಆಂಡ್ರೆಟ್ಟಿ. 1940ರಲ್ಲಿ, ಆಗ ಇಟಲಿಗೆ ಸೇರಿದ್ದ ಮೊಂಟೊನಾದಲ್ಲಿ, ಆಲ್ಡೊ ಎಂಬ ಅವಳಿ ಸೋದರನೊಡನೆ ಜನನ. ಯುದ್ಧಾನಂತರ ಊರು ಯುಗೊಸ್ಲಾವಿಯಕ್ಕೆ ಹೋಯಿತು, ಸಂಸಾರ ಲುಕ್ಕಾದ ನಿರಾಶ್ರಿತರ ಶಿಬಿರಕ್ಕೆ ಹೋಯಿತು. 1955ರಲ್ಲಿ ಅಮೆರಿಕ ಸೇರಿ ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ ನೆಲೆ ನಿಂತರು. ಆ ಊರಲ್ಲೊಂದು ಮಣ್ಣಿನ ಟ್ರ್ಯಾಕ್ ಇತ್ತು. ಅವಳಿಗಳು ಹಳೆಯ ಹಡ್ಸನ್ ಕಾರೊಂದನ್ನು ಸಜ್ಜುಮಾಡಿ, ಮೊದಲು ಯಾರು ಓಡಿಸುವುದೆಂದು ನಾಣ್ಯ ಚಿಮ್ಮಿ, 1959ರಲ್ಲಿ ರೇಸಿಗಿಳಿದರು. ಇಬ್ಬರೂ ಈ ಸಂಗತಿಯನ್ನು ಅಪ್ಪನಿಂದ ಮುಚ್ಚಿಟ್ಟಿದ್ದರು. ಆ ವರ್ಷದ ಕೊನೆಗೆ ಆಲ್ಡೊ ಭೀಕರವಾಗಿ ಗಾಯಗೊಂಡಾಗಲೇ ಅಪ್ಪನಿಗೆ ಗೊತ್ತಾದದ್ದು.

ಇಲ್ಲಿ ನಿಂತು ಒಂದು ಟಿಪ್ಪಣಿ ಬರೆಯುವುದು ಅವಶ್ಯ. ಮೊದಲ ತಲೆಮಾರು ಅಪ್ಪನಿಗೆ ತಿಳಿಯದಂತೆ ಓಡಿಸಿತು. ಎರಡನೆಯದು ಅಪ್ಪನ ವಿರುದ್ಧ ಓಡಿಸಿತು. ಮೂರನೆಯದು ಅಪ್ಪನ ಬಳಿ ಸಂಬಳಕ್ಕೆ ಓಡಿಸಿತು. ಕ್ರೀಡೆಯೊಂದು ಕಸುಬಾಗಿ, ಕಸುಬು ಕಂಪನಿಯಾಗುವ ಪ್ರಕ್ರಿಯೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ.

ಮಾರಿಯೊನ ಬಿರುದಾವಳಿ: 1967ರಲ್ಲಿ ಡೇಟೋನಾ 500 ರೇಸ್, 1969ರಲ್ಲಿ ಇಂಡಿಯಾನಾಪೊಲಿಸ್ 500 (ಚುಟುಕಾಗಿ ಇಂಡಿ 500), 1978ರಲ್ಲಿ ಲೋಟಸ್ ಕಾರಿನಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪಟ್ಟ. ಈ ಮೂರನ್ನೂ ಗೆದ್ದ ಇನ್ನೊಬ್ಬ ಚಾಲಕ ಭೂಮಂಡಲದಲ್ಲಿ ಇಲ್ಲ. ಮೂಲಪುರುಷನೇ ಇಷ್ಟು ಬಿರುದು ಕೆತ್ತಿಸಿಕೊಂಡರೆ ಮುಂದಿನವರಿಗೆ ಕಲ್ಲಿನಲ್ಲಿ ಎಲ್ಲಿಯ ಜಾಗ?

ಅವನ ಮಗ ಮೈಕೆಲ್. ತೆರೆದ ಗಾಲಿಯ ಕಾರುಗಳ ಕಾರ್ಟ್ ಸರಣಿಯ 1991ರ ಚಾಂಪಿಯನ್, ವೃತ್ತಿಯಲ್ಲಿ 42 ಗೆಲುವು. ಅಮೆರಿಕದಲ್ಲಿ ಅಪ್ಪಂದಿರ ದಿನ ಎಂದು ಒಂದಿದೆ; ಅಂದು ಮಕ್ಕಳು ತಂದೆಗೆ ಟೈ ಅಥವಾ ಕಾಲುಚೀಲ ಕೊಡುವುದು ವಾಡಿಕೆ. 1986ರ ಅದೇ ದಿನ ಪೋರ್ಟ್‌ಲ್ಯಾಂಡಿನಲ್ಲಿ ಮೈಕೆಲ್ ಗೆಲ್ಲುತ್ತಿದ್ದ; ಕೊನೆಯ ಸುತ್ತಿನಲ್ಲಿ ಇಂಧನ ತಳ ಕಂಡಿತು; ಹಿಂದಿನಿಂದ ಬಂದ ಅಪ್ಪ 0.07 ಸೆಕೆಂಡಿನಲ್ಲಿ ಗೆದ್ದ. ಕಾಲುಚೀಲವೇ ವಾಸಿಯಿತ್ತು. ಸೆಕೆಂಡಿನ ನೂರನೆಯ ಭಾಗಗಳಿಗೂ ಈ ಮನೆಗೂ ಇರುವ ಋಣಾನುಬಂಧಕ್ಕೆ ಇದು ಮೊದಲ ಲಿಖಿತ ಆಧಾರ.

ಶಾಪವಿಚಾರ

1969ರ ಗೆಲುವಿನ ನಂತರ, ತಂಡದ ಒಡೆಯ ಆಂಡಿ ಗ್ರಾನಟೆಲ್ಲಿ ಮಾರಿಯೊನ ಕೆನ್ನೆಗೆ ಮುತ್ತಿಟ್ಟ. ಆಮೇಲೆ ಇಂಡಿಯಾನಾಪೊಲಿಸ್ ಈ ಮನೆತನದ ಯಾವ ಚಾಲಕನಿಗೂ ಒಲಿಯಲಿಲ್ಲ. ಇದನ್ನು ಆಂಡ್ರೆಟ್ಟಿ ಶಾಪವೆಂದು ಅಲ್ಲಿನ ಜನ ಕರೆಯುತ್ತಾರೆ. ಶಾಪವಾದಿಗಳ ಪುರಾವೆ ಬಲವಾಗಿಯೇ ಇದೆ. 1981ರಲ್ಲಿ ಮೊದಲು ಗೆರೆ ದಾಟಿದವನು ಬಾಬಿ ಅನ್ಸರ್. ಮರುದಿನ ಬೆಳಗ್ಗೆ ಅವನಿಗೆ ದಂಡ ಬಿದ್ದು ಮಾರಿಯೊ ವಿಜೇತನಾದ. ಅಕ್ಟೋಬರಿನಲ್ಲಿ ತೀರ್ಪು ತಿರುಗಿ ಗೆಲುವು ಮತ್ತೆ ಅನ್ಸರ್ ಪಾಲಾಯಿತು. ನಾಲ್ಕು ತಿಂಗಳಿಗೂ ಮಿಕ್ಕಿ ಗೆದ್ದಿದ್ದು ಕೊನೆಗೆ ಸೋತವನು ರೇಸಿಂಗ್ ಚರಿತ್ರೆಯಲ್ಲಿ ಬಹುಶಃ ಇವನೊಬ್ಬನೇ. 1987ರಲ್ಲಿ ಮೊದಲ 177 ಸುತ್ತುಗಳಲ್ಲಿ 170ರಲ್ಲಿ ಮಾರಿಯೊನೇ ಮುಂದಿದ್ದ. ಆಮೇಲೆ ಎಂಜಿನ್ ಕೈಕೊಟ್ಟಿತು. 1992ರಲ್ಲಿ ಮೈಕೆಲ್ 160 ಸುತ್ತು ಮುಂದಿದ್ದು, ಇನ್ನು 11 ಸುತ್ತಿದೆ ಎನ್ನುವಾಗ ಕಾರು ನಿಂತಿತು. ಅದೇ ರೇಸಿನಲ್ಲಿ ಮಾರಿಯೊನ ಕಾಲ್ಬೆರಳುಗಳು ಮುರಿದವು. ಇನ್ನೊಬ್ಬ ಮಗ ಜೆಫ್‌ನ ಕಾಲುಗಳು ಜಜ್ಜಿಹೋದವು. ಆ ದಿನದ ಬಗ್ಗೆ ಅಣಕವಾಡಲು ಈ ಪ್ರಬಂಧಕ್ಕೂ ಮನಸ್ಸಿಲ್ಲ.

ಯಂತ್ರವಾದಿಗಳು ಇದನ್ನು ಒಪ್ಪುವುದಿಲ್ಲ. 1992ರಲ್ಲಿ ಮೈಕೆಲ್‌ಗೆ ಅಡ್ಡಬಂದದ್ದು ಇಂಧನ ಪಂಪಿನ ಬೆಲ್ಟೇ ಹೊರತು ದೈವವಲ್ಲ ಎಂಬುದು ಅವರ ನಿಲುವು. ಹಾಗಾದರೆ ಬೆಲ್ಟ್ ಆ ಕ್ಷಣದಲ್ಲೇ ಏಕೆ ಕೈಕೊಟ್ಟಿತು ಎಂದು ಶಾಪವಾದಿಗಳು ಮರುಪ್ರಶ್ನೆ ಹಾಕುತ್ತಾರೆ. ಈ ವಾದ ಮೂರು ದಶಕ ದಾಟಿಯೂ ನಡೆಯುತ್ತಿದೆ.

ಮೂಲಪಾಠ: 2006ರ ಮೇ 28

ಮೈಕೆಲ್‌ನ ಮಗ ಮಾರ್ಕೊ, ಜನನ 1987ರ ಮಾರ್ಚ್, ಊರು ಅದೇ ನಜರೆತ್. ಹತ್ತೊಂಬತ್ತನೆಯ ವಯಸ್ಸಿಗೆ ಮೊದಲ ಇಂಡಿ 500. 2003ರಲ್ಲಿ ಅಲ್ಲಿಂದ ನಿವೃತ್ತನಾಗಿದ್ದ ಅಪ್ಪ, ಮಗನ ಜೊತೆ ಒಮ್ಮೆ ಓಡಿಸಬೇಕೆಂಬ ಆಸೆಯಿಂದ ಮತ್ತೆ ಹೆಲ್ಮೆಟ್ ಹಾಕಿಕೊಂಡ. ಎರಡೂವರೆ ಮೈಲಿಯ ಟ್ರ್ಯಾಕು, 200 ಸುತ್ತು, 33 ಕಾರು. ಕೊನೆಯ ಕೆಲವೇ ಸುತ್ತು ಉಳಿದಾಗ ಎಲ್ಲರಿಗಿಂತ ಮುಂದೆ ಮೈಕೆಲ್, ಅವನ ಬೆನ್ನಿಗೆ ಮಾರ್ಕೊ.

ಆಗ ಮಗ ಅಪ್ಪನನ್ನು ಹಿಂದೆ ಹಾಕಿದ. ಜೀವಮಾನವಿಡೀ ಗೆಲ್ಲಲಾಗದ ರೇಸನ್ನು ಮುನ್ನಡೆಸುತ್ತಿದ್ದ ಅಪ್ಪನನ್ನು. ಅಲ್ಲಿ 431 ಸುತ್ತು ಮುಂದಿದ್ದೂ ಗೆಲ್ಲದೆ ಉಳಿದ ದಾಖಲೆಯ ಅಪ್ಪನನ್ನು. ಪಿತೃವಾಕ್ಯ ಪರಿಪಾಲನೆಯ ನಮ್ಮ ಶಾಸ್ತ್ರಕಾರರು ಇದಕ್ಕೆ ಏನು ಪ್ರಾಯಶ್ಚಿತ್ತ ವಿಧಿಸುತ್ತಿದ್ದರೋ ತಿಳಿಯದು. ಇಂಡಿಯಾನಾಪೊಲಿಸ್ ಸ್ಯಾಮ್ ಹಾರ್ನಿಶ್ ಎಂಬ ಚಾಲಕನನ್ನು ವಿಧಿಸಿತು. ಅವನು 199ನೆಯ ಸುತ್ತಿನಲ್ಲಿ ಒಳಗಿನಿಂದ ನುಗ್ಗಲು ನೋಡಿದ. ಮಾರ್ಕೊ ದಾರಿ ಮುಚ್ಚಿದ. ಹಾರ್ನಿಶ್ ವೇಗ ಕಳೆದುಕೊಂಡು ಹಿಂದೆ ಬಿದ್ದ. ಮುಗಿಯಿತು ಎಂದುಕೊಂಡರು ಎಲ್ಲರೂ. ಕೊನೆಯ ತಿರುವು ದಾಟಿ, ಗೆರೆ ಇನ್ನು ನೂರೈವತ್ತು ಮೀಟರೂ ಇಲ್ಲದಿರುವಾಗ, ಹಾರ್ನಿಶ್ ಪಕ್ಕಕ್ಕೆ ಹೊರಳಿ ಮುಂದೆ ಹೋದ. ಮಾರ್ಕೊ ಎರಡನೆಯವ, ಮೈಕೆಲ್ ಮೂರನೆಯವ. ಗೆದ್ದವನು ಹಾಲು ಕುಡಿಯುವುದು ಅಲ್ಲಿನ ಸಂಪ್ರದಾಯ. ಹಾಲು ಹಾರ್ನಿಶ್‌ಗೆ ಹೋಯಿತು. ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ 0.0635 ಸೆಕೆಂಡೆಂದರೆ ಸುಮಾರು ಆರು ಮೀಟರ್, ಅಂದರೆ ಒಂದು ಕಾರಿನ ಉದ್ದಕ್ಕೆ ಸ್ವಲ್ಪ ಜಾಸ್ತಿ. 804 ಕಿಲೋಮೀಟರ್ ಓಡಿದ ಮೇಲೆ.

ಇದರ ಭೌತಶಾಸ್ತ್ರ ಸ್ವಾರಸ್ಯವಾದದ್ದು. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಅದರ ಮರೆಯಲ್ಲಿ ಬರುವವನಿಗೆ ಗಾಳಿಯ ತಡೆ ಕಡಿಮೆ. ನೇರದಾರಿಯಲ್ಲಿ ಹಿಂದಿನವನಿಗೇ ಲಾಭ. ಅದೇ ತಿರುವಿನಲ್ಲಿ, ಮುಂದಿನ ಕಾರು ಕಲಕಿಬಿಟ್ಟ ಗಾಳಿಯಿಂದ ಹಿಂದಿನವನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಈ ಸೂತ್ರವನ್ನು ವಂಶಶಾಸ್ತ್ರಕ್ಕೆ ಅನ್ವಯಿಸಿದ ಕೀರ್ತಿ ಪ್ರಸ್ತುತ ಸಂಶೋಧಕನಿಗೇ ಸಲ್ಲಬೇಕು. ಅಜ್ಜನ ಹೆಸರಿನ ಮರೆಯಲ್ಲಿ ಮೊಮ್ಮಗ ಹತ್ತೊಂಬತ್ತಕ್ಕೇ ಇಂಡಿಯಾನಾಪೊಲಿಸ್ ತಲುಪಿದ. ಅದೇ ವರ್ಷದ ಡಿಸೆಂಬರಿನಲ್ಲಿ ಹೆರೆಜ್‌ನಲ್ಲಿ ಹೋಂಡಾದ ಫಾರ್ಮುಲಾ ಒನ್ ಕಾರಿನ ಪರೀಕ್ಷಾ ಓಟವೂ ದಕ್ಕಿತು. ಇವೆಲ್ಲ ನೇರದಾರಿ. ತಿರುವು ಬಂದಾಗಲೆಲ್ಲ ಕಲಕಿದ ಗಾಳಿ ಮುಖಕ್ಕೆ ಹೊಡೆಯಿತು. ಬೇರೆ ಯಾವ ಹುಡುಗ ಮೊದಲ ಸಲಕ್ಕೇ ಎರಡನೆಯ ಸ್ಥಾನ ಪಡೆದಿದ್ದರೂ ಊರು ಮೆರವಣಿಗೆ ಮಾಡುತ್ತಿತ್ತು. ಇವನಿಗೆ ಸಿಕ್ಕಿದ್ದು ಸಂತಾಪ.

ಸಂತಾಪದ ಜೊತೆ ವರ್ಷದ ಹೊಸಬ ಪ್ರಶಸ್ತಿಯೂ ಸಿಕ್ಕಿತು. ಇಂಡಿಯಾನಾಪೊಲಿಸ್‌ನಲ್ಲಿ 1965ರಲ್ಲಿ ಮಾರಿಯೊ, 1984ರಲ್ಲಿ ಮೈಕೆಲ್ (ಇನ್ನೊಬ್ಬನೊಡನೆ ಹಂಚಿಕೊಂಡು), 1991ರಲ್ಲಿ ಜೆಫ್, 2006ರಲ್ಲಿ ಮಾರ್ಕೊ: ನಾಲ್ಕು ಸಲ ಹೊಸಬರ ಪ್ರಶಸ್ತಿ, ಒಂದು ಸಲ ಗೆಲುವು. ಬರುವುದರಲ್ಲಿ ಈ ಮನೆತನವನ್ನು ಮೀರಿಸಿದವರಿಲ್ಲ.

ಉಪಪ್ರಕರಣ: ಅಪ್ಪನ ಲಾಯ

ಚಾಲಕನಾಗಿ ಗೆಲ್ಲದ ಮೈಕೆಲ್ ತಂಡದ ಒಡೆಯನಾಗಿ ಇಂಡಿ 500 ಅನ್ನು ಐದು ಸಲ ಗೆದ್ದ. 2005ರಲ್ಲಿ ಡ್ಯಾನ್ ವೆಲ್ಡನ್, 2007ರಲ್ಲಿ ಡಾರಿಯೊ ಫ್ರಾಂಕಿಟ್ಟಿ, 2014ರಲ್ಲಿ ರಯಾನ್ ಹಂಟರ್-ರೇ, 2016ರಲ್ಲಿ ಅಲೆಕ್ಸಾಂಡರ್ ರಾಸಿ, 2017ರಲ್ಲಿ ಟಕುಮಾ ಸಾಟೊ. ಇಂಗ್ಲೆಂಡಿನವನು ಗೆದ್ದ, ಸ್ಕಾಟ್ಲೆಂಡಿನವನು ಗೆದ್ದ, ಜಪಾನಿನವನು ಗೆದ್ದ. ಮನೆಮಗ 2014ರಲ್ಲಿ ಮೂರನೆಯವನಾದ. 2007ರ ಕಥೆಯಂತೂ ಶಾಪವಾದಿಗಳಿಗೆ ಹಬ್ಬ: ಮಾರ್ಕೊನ ಕಾರು ಇನ್ನೊಂದಕ್ಕೆ ತಾಗಿ ತಲೆಕೆಳಗಾಯಿತು, ಹಳದಿ ಬಾವುಟ ಬಂತು, ಅದರ ಹಿಂದೆಯೇ ಮಳೆ ಬಂತು, 166 ಸುತ್ತಿಗೇ ರೇಸ್ ಮುಗಿಸಿ ಫ್ರಾಂಕಿಟ್ಟಿ ಗೆದ್ದನೆಂದು ಸಾರಿದರು. 2016ರಲ್ಲಿ ಹೊಸಬ ರಾಸಿ ಟ್ಯಾಂಕು ಬರಿದಾಗುತ್ತಿರುವ ಕಾರನ್ನು ಹೇಗೋ ತೇಲಿಸಿಕೊಂಡು ಬಂದು ಗೆದ್ದ. ಪೋರ್ಟ್‌ಲ್ಯಾಂಡಿನಲ್ಲಿ ಇಂಧನ ಮುಗಿಸಿಕೊಂಡು ಸೋತಿದ್ದ ಮೈಕೆಲ್ ಅದನ್ನು ನೋಡುತ್ತ ಏನೆಂದುಕೊಂಡನೋ, ಸಂಶೋಧನೆಗೆ ನಿಲುಕದ ವಿಷಯ.

ಇಂಡಿ 500 ಸೇರಿರುವ ಇಂಡಿಕಾರ್ ಸರಣಿಯಲ್ಲಿ ಮಾರ್ಕೊ ಎರಡು ರೇಸ್ ಗೆದ್ದಿದ್ದಾನೆ: 2006ರ ಆಗಸ್ಟಿನಲ್ಲಿ ಸೊನೋಮಾ, 2011ರ ಜೂನಿನಲ್ಲಿ ಅಯೊವಾ. ಸೊನೋಮಾದಲ್ಲಿ ಗೆದ್ದಾಗ ಆ ಸರಣಿಯ ಅತಿ ಕಿರಿಯ ವಿಜೇತ. 2008ರಲ್ಲಿ ಗ್ರಹಾಂ ರಾಹಲ್ ಆ ದಾಖಲೆ ಮುರಿದ. ಸೋಲಿಗೆ ಪುಟಗಟ್ಟಲೆ ಮೀಸಲಿಟ್ಟು ಗೆಲುವಿಗೆ ಎರಡು ಸಾಲು ಕೊಡುವುದು ಈ ಕ್ಷೇತ್ರದ ಪಂಡಿತರ ಪದ್ಧತಿ. ಪ್ರಸ್ತುತ ಪ್ರಬಂಧವೂ ಪದ್ಧತಿಯನ್ನು ಮೀರಿಲ್ಲ.

ಗಣಿತವಾದಿಗಳ ಪ್ರವೇಶ

ಇಲ್ಲಿಯವರೆಗೆ ಮೂಲೆಯಲ್ಲಿ ಕುಳಿತಿದ್ದ ಗಣಿತವಾದಿ ಈಗ ಏಳುತ್ತಾನೆ. ಅವನ ಲೆಕ್ಕ ಸರಳ. ಸಾಲಿನಲ್ಲಿ 33 ಕಾರು, ಗೆಲ್ಲುವುದು ಒಂದು. ಎಲ್ಲರಿಗೂ ಸಮಾನ ಅವಕಾಶವೆಂದು ಹಿಡಿದರೆ, 20 ಸಲ ಓಡಿಸಿಯೂ ಒಮ್ಮೆಯೂ ಗೆಲ್ಲದಿರುವ ಸಂಭವ ನೂರಕ್ಕೆ 54. ಅಂದರೆ ಮಾರ್ಕೊ ಸೋತದ್ದು ವಿಶೇಷವಲ್ಲ, ಗೆದ್ದಿದ್ದರೆ ವಿಶೇಷ. ಇನ್ನು ಮನೆತನದ ಒಟ್ಟು ಲೆಕ್ಕ: ಮಾರಿಯೊ 29, ಮೈಕೆಲ್ 16, ಮಾರ್ಕೊ 20, ಆಲ್ಡೊನ ಮಗ ಜಾನ್ 12, ಜೆಫ್ 3, ಒಟ್ಟು 80. ಇದರಲ್ಲಿ ಒಂದೇ ಗೆಲುವು ಅಥವಾ ಅದೂ ಇಲ್ಲದಿರುವ ಸಂಭವ ನೂರಕ್ಕೆ ಸುಮಾರು 30. ಇಷ್ಟು ಮಾಮೂಲಿ ವಿಷಯಕ್ಕೆ ಶಾಪ ಹಾಕಲು ಯಾವ ಋಷಿಯೂ ತಪಸ್ಸು ಖರ್ಚು ಮಾಡಲಾರ.

ಗಮನಿಸಿ: ಅಜ್ಜನೂ 29ರಲ್ಲಿ ಒಂದೇ ಗೆದ್ದವನು. ಮೊಮ್ಮಗನನ್ನು ಅಳೆಯುವ ಕೋಲು ಸ್ವತಃ 28 ಸಲ ಸೋತ ಕೋಲು. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

2020ರ ಆಗಸ್ಟಿನಲ್ಲಿ ಗಣಿತವಾದಿಗೂ ಬೆವರೊಡೆಯುವಂಥ ಘಟನೆ ನಡೆಯಿತು. ನಾಲ್ಕು ಸುತ್ತಿನ ಅರ್ಹತಾ ಓಟದಲ್ಲಿ ಮಾರ್ಕೊನ ಸರಾಸರಿ ಗಂಟೆಗೆ 231.068 ಮೈಲಿ, ಸ್ಕಾಟ್ ಡಿಕ್ಸನ್‌ನದು 231.051. ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಅಂತರ, ಈ ಸಲ ಮನೆತನದ ಕಡೆಗೆ. ಆಂಡ್ರೆಟ್ಟಿಗಳಿಗೆ ಅಲ್ಲಿ ಪೋಲ್ ಪೊಸಿಷನ್, ಅಂದರೆ ಸಾಲಿನ ಮೊದಲ ಜಾಗ, ಸಿಕ್ಕಿದ್ದು 1987ರ ಮಾರಿಯೊ ನಂತರ ಇದೇ ಮೊದಲು, ಅಂದರೆ ಮಾರ್ಕೊ ತೊಟ್ಟಿಲಲ್ಲಿದ್ದಾಗಿನಿಂದ. ಆದರೆ ಅದು ಕೊರೊನಾ ವರ್ಷ. ರೇಸಿನ ದಿನ ಲಕ್ಷಾಂತರ ಜನ ಕೂರುವ ಗ್ಯಾಲರಿಗಳು ಖಾಲಿ. ಮೊದಲ ತಿರುವಿನಲ್ಲೇ ಡಿಕ್ಸನ್ ಮುಂದೆ ಹೋದ. ಮಾರ್ಕೊ ಹದಿಮೂರನೆಯವನಾಗಿ ಮುಗಿಸಿದ. ಮರುವರ್ಷದಿಂದ ಪೂರ್ಣಾವಧಿ ಸರಣಿ ಬಿಟ್ಟು ಇಂಡಿ 500 ಒಂದಕ್ಕೆ ಮಾತ್ರ ಬರತೊಡಗಿದ. 2025ರ ಇಪ್ಪತ್ತನೆಯ ಓಟ ಮೊದಲ ಸುತ್ತಿನಲ್ಲೇ ಗೋಡೆಗೆ ಬಡಿದು ಮುಗಿಯಿತು.

ಅಂತಿಮ ಆಕ್ಷೇಪ

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಎಲ್ಲರಿಗೂ ಸಮಾನ ಅವಕಾಶ ಎಂಬ ಗಣಿತವಾದಿಯ ಆಧಾರವೇ ಪೊಳ್ಳು. ಒಳ್ಳೆಯ ತಂಡದ ಒಳ್ಳೆಯ ಕಾರಿದ್ದವನಿಗೆ 33ರಲ್ಲಿ ಒಂದಕ್ಕಿಂತ ಹೆಚ್ಚೇ ಸಿಗಬೇಕಿತ್ತಲ್ಲ ಎಂದು ಶಾಪವಾದಿ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಇದನ್ನು ಪರೀಕ್ಷಿಸಲು ಎಲ್ಲರಿಗೂ ಒಂದೇ ಬಗೆಯ ಕಾರು ಕೊಟ್ಟು ಓಡಿಸಿ ನೋಡಬೇಕು.

ಅದೃಷ್ಟವಶಾತ್ ಹಾಗೆ ನೋಡಿದ್ದಾರೆ. ಎಸ್‌ಆರ್‌ಎಕ್ಸ್ ಎಂಬ ಬೇಸಿಗೆ ಸರಣಿಯಲ್ಲಿ ಸಣ್ಣ ಟ್ರ್ಯಾಕುಗಳ ಮೇಲೆ ಹೆಸರಾಂತ ಚಾಲಕರಿಗೆಲ್ಲ ಆಯೋಜಕರೇ ಒಂದೇ ಬಗೆಯ ಕಾರು ಕೊಡುತ್ತಿದ್ದರು. ಅಜ್ಜನ ದಾಖಲೆ ಅಲ್ಲಿರಲಿಲ್ಲ, ಅಪ್ಪನ ತಂಡವೂ ಇರಲಿಲ್ಲ; ಗಾಲಿಗಳು ಕೂಡ ಮೈಯ ಒಳಗೇ ಇದ್ದವು. 2022ರಲ್ಲಿ ಆ ಸರಣಿಯ ಚಾಂಪಿಯನ್ ಆದವನು ಮಾರ್ಕೊ ಆಂಡ್ರೆಟ್ಟಿ.

2023ರ ನಂತರ ಆ ಸರಣಿ ನಡೆಯಲೇ ಇಲ್ಲ. ಶಾಪವಾದಿಗಳು ಇದನ್ನು ತಮ್ಮ ಪುರಾವೆಗಳ ಪಟ್ಟಿಗೆ ಆಗಲೇ ಸೇರಿಸಿಕೊಂಡಿರಬೇಕು.